ಆಗಿಬರದ ಕಲ್ಲು

ವಜ್ರ ಕೊಳ್ಳುವುದಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ವಜ್ರ ಇಂಗಾಲದ ಒಂದು ರೂಪ, ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇಂಗಾಲವೇ ಎಂದು ವರ್ಷ ವರ್ಷವೂ ಹೇಳಿದ್ದೇನೆ, ಮಕ್ಕಳು ವರ್ಷ ವರ್ಷವೂ ಬಾಯಿ ತೆರೆದು ಕೇಳಿದ್ದಾರೆ. ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕೂತು ಆ ಇಂಗಾಲವನ್ನು ಚಿಮಟದಲ್ಲಿ ಹಿಡಿದು ನೋಡುವ ಪ್ರಸಂಗ ಬಂದದ್ದು ಮಗಳ ಮದುವೆ ಗೊತ್ತಾದ ಮೇಲೆಯೇ.

ಮಗಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅದಿರಿನ ಮಾದರಿಗಳನ್ನು ಪರೀಕ್ಷೆ ಮಾಡುವ ಕೆಲಸ, ಶಿಫ್ಟಿನ ಪ್ರಕಾರ ಬಂದು ಹೋಗುವ ಕಂಪನಿ ಬಸ್ಸು. ನೌಕರಿ ಸಿಕ್ಕಿದ ದಿನ ಅವಳಿಗಿಂತ ಹೆಚ್ಚು ಕುಣಿದವಳು ನಾನು. ಹುಡುಗನೂ ಅದೇ ಕಾರ್ಖಾನೆಯವನು, ಬೇರೆ ವಿಭಾಗ, ಊರು ಸಂಡೂರು. ಅವನ ಮನೆಯವರು ಅದಿರಿನ ಲಾರಿಗಳನ್ನು ಓಡಿಸಿ ಚೆನ್ನಾಗಿ ಮೇಲೆ ಬಂದವರು. ಬಹಳ ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸುದ್ದಿಯನ್ನು ಮಗಳು ಒಂದು ಬೆಳಿಗ್ಗೆ, ನಾನು ಒಗ್ಗರಣೆ ಹಾಕುತ್ತಿದ್ದಾಗ, ಬೆನ್ನ ಹಿಂದೆ ನಿಂತು ಹೇಳಿಬಿಟ್ಟಳು.

“ಅಮ್ಮ, ನಂಗ ಒಬ್ಬ ಹುಡುಗ ಇಷ್ಟ ಆಗ್ಯಾನ. ನಮ್ಮ ಮಂದೀನ.”

ಸಾಸಿವೆ ಸಿಡಿಯುತ್ತಿತ್ತು. ‘ನಮ್ಮ ಮಂದೀನ’ ಎನ್ನುವುದನ್ನು ಅದೇ ಉಸಿರಿನಲ್ಲಿ ಸೇರಿಸಿದ್ದಾಳಲ್ಲ, ಜಾಣೆ ಎಂದುಕೊಂಡೆ. ನನ್ನ ಯಜಮಾನರು ಡ್ಯಾಮಿನ ಕಚೇರಿಯಲ್ಲಿದ್ದು ನಿವೃತ್ತರಾದವರು, ಯಾವುದಕ್ಕೂ ತಟ್ಟನೆ ಹೂಂ ಅನ್ನುವವರಲ್ಲ. ಅವರೂ ಒಪ್ಪಿದರು. ಸಂಡೂರಿನವರೂ ಒಪ್ಪಿದರು. ಇಷ್ಟು ಸಲೀಸಾಗಿ ಆಗುವ ಕೆಲಸವಲ್ಲವಲ್ಲ ಇದು ಎಂದು ನನಗೆ ಒಳಗೊಳಗೇ ಅನುಮಾನವಿತ್ತು.

ಅನುಮಾನ ನಿಜವಾಯಿತು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅದು ಹುಡುಗನ ಅಜ್ಜಿಯ ಜೊತೆಗೆ ಆಂಧ್ರದ ಕಡೆಯಿಂದ ಬಂದದ್ದು. ಅಜ್ಜಿಯ ತವರು ವಜ್ರಕರೂರಿನ ಹತ್ತಿರದ ಹಳ್ಳಿ. ಅಲ್ಲಿ ಮೊದಲ ಮಳೆ ಬಿದ್ದೊಡನೆ ಜನ ಬಿತ್ತುವುದನ್ನು ಬಿಟ್ಟು ಹೊಲದಲ್ಲಿ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುತ್ತಾರೆ. ಅಂಥ ಊರಿನ ಹೆಣ್ಣುಮಗಳು ಸಂಡೂರಿಗೆ ಬಂದು ನೆಲೆಸಿ, ಮನೆಗೆ ಬರುವ ಪ್ರತಿ ಸೊಸೆಗೂ ನಿಶ್ಚಿತಾರ್ಥಕ್ಕೆ ಮುಂಚೆ ವಜ್ರದ ಮೂಗುಬೊಟ್ಟು ಇಡಿಸುತ್ತಿದ್ದರು. ಹುಡುಗಿ ಅದನ್ನು ತನ್ನ ತವರಲ್ಲೇ ಒಂದು ವಾರ ತೊಡಬೇಕು. ಆ ವಾರದಲ್ಲಿ ಎರಡೂ ಮನೆಗಳಲ್ಲಿ ಕೆಟ್ಟದ್ದೇನೂ ಆಗದಿದ್ದರೆ ಕಲ್ಲು ಆಗಿಬಂತು ಎಂದು ಅರ್ಥ. ಏನಾದರೂ ಆದರೆ ಕಲ್ಲು ವಾಪಸ್ಸು. ನಮ್ಮ ಕಡೆಯ ವಜ್ರದ ಅಂಗಡಿಯವರಿಗೆ ಇದೆಲ್ಲ ಗೊತ್ತು. ಒಂದು ಮಾತು ಕೇಳದೆ ತೆಗೆದುಕೊಳ್ಳುತ್ತಾರೆ.

ಕೇಳಿದೊಡನೆ ನನಗೆ ಮೈಯೆಲ್ಲ ಉರಿಯಿತು. ಗ್ರಹಣದ ದಿನ ಮಕ್ಕಳಿಗೆ ಬಿಸ್ಕತ್ತು ತಿನ್ನಿಸಿ ಪೋಷಕರಿಂದ ಬೈಸಿಕೊಂಡವಳು ನಾನು. ನನ್ನ ಮನೆಯಲ್ಲಿ ಕಲ್ಲಿನ ಪರೀಕ್ಷೆಯೇ? “ಒಂದು ವಾರದ ಮಾತು, ಸುಮ್ನಿರು,” ಎಂದರು ಯಜಮಾನರು. ಸುಮ್ಮನಾದೆ. ಆದರೆ ಸಿಟ್ಟಿನ ಅಡಿಯಲ್ಲಿ ಬೇರೆಯದೇ ಒಂದು ದಿಗಿಲಿತ್ತು. ಅದನ್ನು ಯಜಮಾನರಿಗೂ ಹೇಳಿರಲಿಲ್ಲ.

ನನ್ನ ತವರು ಕಂಪ್ಲಿ. ಅಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯೊಬ್ಬಳಿಗೆ ಇಂಥದೇ ಪದ್ಧತಿಯ ಮನೆಯಿಂದ ಸಂಬಂಧ ಬಂದಿತ್ತು. ಅವಳು ಕಲ್ಲು ತೊಟ್ಟ ವಾರವೇ ಗಂಡಿನ ಮನೆಯವರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬಲ್ಲ ಹಿರಿಯರನ್ನು ಕರೆಸಿ ಕಲ್ಲನ್ನು ತೋರಿಸಿದರು. ಹಿರಿಯರು ತಿರುಗಿಸಿ ಮುರುಗಿಸಿ ನೋಡಿ ಕಲ್ಲಿನಲ್ಲಿ ಏನೂ ದೋಷವಿಲ್ಲ ಎಂದರು. ನಾವು ಹುಡುಗಿಯರು ಸದ್ಯ ಎಂದುಕೊಂಡೆವು. ಗಂಡಿನವರು ಮತ್ತೆ ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ, ಜಗಳವೂ ಆಗಲಿಲ್ಲ. ಆ ಪದ್ಧತಿಯಲ್ಲಿ ತಪ್ಪು ಇಳಿಯುವುದಕ್ಕೆ ಇರುವುದು ಎರಡೇ ಜಾಗ ಎಂದು ನನಗೆ ಆಗ ತಿಳಿಯಿತು. ಒಂದು ಕಲ್ಲು, ಇನ್ನೊಂದು ಅದನ್ನು ತೊಟ್ಟ ಹುಡುಗಿ. ಕಲ್ಲು ನಿರ್ದೋಷಿ ಎಂದಾದ ದಿನವೇ ನನ್ನ ಗೆಳತಿಯ ಹಣೆಬರಹ ತೀರ್ಮಾನವಾಗಿತ್ತು. ಆಮೇಲೆ ಅವಳನ್ನು ಎಲ್ಲೋ ದೂರ, ಮೊದಲ ಹೆಂಡತಿ ತೀರಿಕೊಂಡಿದ್ದವನಿಗೆ ಕೊಟ್ಟರು.

ಅಂಗಡಿಗೆ ಹೋದದ್ದು ಒಂದು ಸಂಜೆ. ಹೊಸಪೇಟೆಯ ಬಜಾರಿನ ಹಳೆಯ ಅಂಗಡಿ, ಈಚೆಗೆ ಗಾಜು, ಎಸಿ ಹಾಕಿಸಿಕೊಂಡು ಹೊಸದಾಗಿತ್ತು. ಹುಡುಗ ಕಾರಿನಲ್ಲಿ ಎಲ್ಲರನ್ನೂ ಕರೆತಂದ. ನಾನು, ಮಗಳು, ಅವನ ತಾಯಿ, ಅಜ್ಜಿ ಒಂದು ಸಾಲಿನಲ್ಲಿ ಕೂತೆವು. ಅಂಗಡಿಯವರು ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಎರಡು ಕಲ್ಲುಗಳನ್ನು ಇಟ್ಟರು. ಗಾತ್ರದಲ್ಲಿ ಎರಡೂ ಒಂದೇ, ಸಾಣೆಯೂ ಒಂದೇ ರೀತಿ. ನನ್ನ ಕಣ್ಣಿಗೆ ಏನೇನೂ ವ್ಯತ್ಯಾಸ ಕಾಣಲಿಲ್ಲ.

“ಬಣ್ಣ, ತೂಕ ಎಲ್ಲಾ ಒಂದ. ಸರ್ಟಿಫಿಕೇಟಿನ್ಯಾಗ ಒಂದು ಫರಕ್ ಐತಿ ನೋಡ್ರಿ,” ಎಂದರು ಅಂಗಡಿಯವರು. “ಇದಕ್ಕ ಫ್ಲೋರೆಸೆನ್ಸ್ ಇಲ್ಲ. ಅದಕ್ಕ ಸ್ಟ್ರಾಂಗ್ ಐತಿ. ಹಂಗಾಗಿ ಆ ಕಲ್ಲಿನ ರೇಟು ಸ್ವಲ್ಪ ಕಡಿಮಿ.”

ಹಾಗೆಂದು ಮೇಜಿನ ಮೇಲಿನ ದೀಪ ಆರಿಸಿ, ಪೆನ್ನಿನಷ್ಟಿದ್ದ ಟಾರ್ಚೊಂದನ್ನು ತೆಗೆದು, ಅಂಗೈ ಮರೆಮಾಡಿ ಕಲ್ಲುಗಳ ಮೇಲೆ ಬಿಟ್ಟರು. ಒಂದು ಕಲ್ಲು ಇದ್ದಲ್ಲೇ ಕಪ್ಪಗೆ ಕೂತಿತ್ತು. ಇನ್ನೊಂದು ಒಳಗಿನಿಂದ ನೀಲಿಯಾಗಿ ಹೊತ್ತಿಕೊಂಡಿತು, ಥೇಟ್ ಗ್ಯಾಸ್ ಒಲೆಯ ಉರಿಯ ಬಣ್ಣ. ಟಾರ್ಚು ಆರಿಸಿದೊಡನೆ ಅದೂ ಆರಿತು.

ಹುಡುಗನ ತಾಯಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. “ಅಯ್ಯ, ಇದೇನ್ರೀ ಇದು! ಲಾರಿ ಹಿಂದ ರೇಡಿಯಂ ಹಚ್ಚಿದಂಗ ಐತಿ. ಬ್ಯಾಡ ಬ್ಯಾಡ, ಆ ಇನ್ನೊಂದ ಕೊಡ್ರಿ.”

ಅಜ್ಜಿ ಮಾತ್ರ ಮುಂದಕ್ಕೆ ಬಾಗಿದರು. “ಮತ್ತೊಮ್ಮಿ ಬಿಡ್ರಿ ಬೆಳಕು,” ಎಂದರು. ನೋಡಿದರು. ಮುಖವೆಲ್ಲ ಅರಳಿತು. “ಇದು ಜಾಗರ್ ಕಲ್ಲು. ನಮ್ಮ ಅಪ್ಪಾರ ಕಾಲದಾಗ ಇಂಥಾ ನೀಲಿ ಕಲ್ಲು ಸಿಗಬೇಕಂದ್ರ ಪುಣ್ಯ ಮಾಡಿರಬೇಕು ಅಂತಿದ್ರು. ನಿಮಗೇನ್ ಗೊತ್ತೈತಿ?”

ಹಳೆಯ ವ್ಯಾಪಾರಿಗಳು ನೀಲಿ ಛಾಯೆಯ ಉತ್ತಮ ವಜ್ರಕ್ಕೆ ಇಟ್ಟ ಹೆಸರಂತೆ ಜಾಗರ್. ಈಗಿನ ಸರ್ಟಿಫಿಕೇಟು ಕೊರತೆ ಎಂದು ಬರೆದದ್ದನ್ನೇ ಆಗಿನವರು ಹೆಚ್ಚುಗಾರಿಕೆ ಎಂದು ಮೆಚ್ಚಿದ್ದರು. ಅತ್ತೆ ಸೊಸೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅಂಗಡಿಯವರ ಕಡೆಗೇ ಮಾತಾಡತೊಡಗಿದರು. ಕೊನೆಗೆ ಅಜ್ಜಿ ನನ್ನತ್ತ ತಿರುಗಿದರು.

“ಟೀಚರಮ್ಮ, ನೀವ ಹೇಳ್ರಿ. ನೀವು ಓದಿದೋರು.”

ಕೇಳಬಾರದ್ದನ್ನು ಕೇಳಿದರು. ಪಾಠ ಮಾಡು ಎಂದರೆ ನನಗೆ ಹಿಂದೆ ಮುಂದೆ ಗೊತ್ತಾಗುವುದಿಲ್ಲ. ಇದಕ್ಕೆ ನಾವು ಪ್ರತಿದೀಪ್ತಿ ಅನ್ನುತ್ತೇವೆ ಎಂದು ಶುರುಮಾಡಿದೆ. ಆ ಟಾರ್ಚಿನಿಂದ ಬರುವುದು ನೇರಳಾತೀತ ಕಿರಣ, ನಮ್ಮ ಕಣ್ಣಿಗೆ ಕಾಣದ್ದು. ಕೆಲವು ವಜ್ರಗಳು ಅದನ್ನು ಹೀರಿಕೊಂಡು ಕಣ್ಣಿಗೆ ಕಾಣುವ ನೀಲಿ ಬೆಳಕಾಗಿ ವಾಪಸು ಕೊಡುತ್ತವೆ. ಲಾರಿಯ ರೇಡಿಯಂಗೂ ಇದಕ್ಕೂ ಸಂಬಂಧವಿಲ್ಲ, ಇದರಿಂದ ಮೈಗೆ ಯಾವ ತೊಂದರೆಯೂ ಇಲ್ಲ, ಕಲ್ಲು ಖೋಟಾ ಎಂದೂ ಅಲ್ಲ, ಮೆತ್ತಗೆ ಎಂದೂ ಅಲ್ಲ. ಹಳದಿ ತಿರುಗಿದ ಪಂಚೆಯನ್ನು ನೀಲಿಯಲ್ಲಿ ಅದ್ದಿದರೆ ಬೆಳ್ಳಗೆ ಕಾಣುತ್ತದಲ್ಲ, ಹಾಗೆಯೇ ಬಿಸಿಲಿನಲ್ಲಿರುವ ಅದೇ ಕಿರಣ ತಾಗಿ ಕಲ್ಲಿನ ನೀಲಿ ಎದ್ದಾಗ ಅದರ ಸಣ್ಣ ಹಳದಿ ಛಾಯೆ ಮುಚ್ಚಿಹೋಗಿ ಕಲ್ಲು ಇನ್ನೂ ಬೆಳ್ಳಗೆ ಕಾಣಬಹುದು.

“ಒಂದ ಮಾತು,” ಎಂದೆ, ಪರೀಕ್ಷೆಯ ಉತ್ತರ ಪೂರ್ತಿಯಾಗಬೇಕಲ್ಲ. “ನೀಲಿ ಭಾಳ ಜೋರಿದ್ರ ಕೆಲವು ಕಲ್ಲು ಬಿಸಿಲಿನ್ಯಾಗ ಹಾಲು ಬೆರೆಸಿದಂಗ ಮಬ್ಬು ಕಾಣ್ತಾವ. ಎಲ್ಲಾ ಅಲ್ಲ, ಕೆಲವು. ಅದನ್ನ ಹೊರಗ ತಂದು ನೋಡಿದ್ರ ಆತು.”

ಬಾಗಿಲಾಚೆ ತಂದು ನೋಡಿದೆವು. ಸಂಜೆಯ ಬಿಸಿಲು ಇಳಿದಿತ್ತು, ಬೆಳಕು ಇನ್ನೂ ಇತ್ತು. ಕಲ್ಲು ತಿಳಿಯಾಗಿತ್ತು. “ಚಲೋ ಐತ್ರಿ ಅಮ್ಮಾರ,” ಎಂದೆ. ಅಜ್ಜಿ ನನ್ನ ಕೈ ಹಿಡಿದು ಒತ್ತಿದರು. ಹುಡುಗನ ತಾಯಿಯ ಮುಖ ಬಿಗಿಯಿತು. ವಿಜ್ಞಾನ ಗೆದ್ದಿತು ಎಂದು ನಾನು ಒಳಗೇ ಹಿಗ್ಗಿದೆ. ಹಾಗೆ ನೀಲಿ ಕಲ್ಲು ಮೂಗುಬೊಟ್ಟಾಗಿ ಮಗಳ ಮೂಗಿಗೆ ಬಂತು.

ಆ ವಾರ ಅವಳಿಗೆ ರಜೆ ಬಂದ ದಿನ ನಾವಿಬ್ಬರೂ ಹಂಪಿಗೆ ಹೋದೆವು. ವಿರೂಪಾಕ್ಷನ ದರ್ಶನ ಮುಗಿಸಿ ಬಜಾರಿನ ಕಲ್ಲಿನ ಮಂಟಪವೊಂದರಲ್ಲಿ ಕೂತು ಮಂಡಕ್ಕಿ ಒಗ್ಗರಣೆ ತಿಂದೆವು. ನೆತ್ತಿಯ ಮೇಲೆ ಸೂರ್ಯ, ಬಂಡೆಗಳೆಲ್ಲ ಕಾದ ಹೆಂಚು. ಅಂಗಡಿಯಲ್ಲಿ ಆಡಿದ ಮಾತು ನೆನಪಾಗಿ, ಅವಳನ್ನು ಬಿಸಿಲಿಗೆ ಎಳೆದು ಗದ್ದ ಹಿಡಿದು ಮುಖ ಆಚೆ ಈಚೆ ತಿರುಗಿಸಿದೆ. ಎಲ್ಲೂ ಒಂದಿಷ್ಟು ಮಬ್ಬಿರಲಿಲ್ಲ. ಬೆಳ್ಳಗೆ ಝಗ್ಗೆಂದು, ಅದರ ಅಂಚಿನಲ್ಲಿ ಕಂಡೂ ಕಾಣದ ಹಾಗೆ ಒಂದು ನೀಲಿ.

“ಎಷ್ಟ್ ಚಂದ ಐತಿ! ಕನ್ನಡಿ ತಂದಿದ್ರ ತೋರಿಸ್ತಿದ್ದೆ,” ಎಂದೆ.

ಅವಳು ಮೊಬೈಲಿನಲ್ಲಿ ಮುಖ ನೋಡಿಕೊಂಡು ನಕ್ಕಳು. ಆಮೇಲೆ ಕೇಳಿದಳು, “ಈ ವಾರದಾಗ ಏನರ ಆದ್ರ ಏನ್ಮಾಡಾದು ಅಮ್ಮ?”

“ಏನಾಗತೈತಿ? ಆ ಕಲ್ಲಿಗೇನು ಗೊತ್ತು ನೀನು ಯಾರ ಮನಿ ಸೊಸಿ ಆಗಾಕಿ ಅಂತ?”

ಇಬ್ಬರೂ ನಕ್ಕೆವು. ಅವಳ ಭಯ ಹೋಯಿತೆಂದು ನನ್ನ ಭಯವೂ ಹೋಯಿತು.

ಮಾರನೆಯ ದಿನ ಸಂಡೂರಿನಿಂದ ಫೋನು. ಅಜ್ಜಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಹೊಸಪೇಟೆಯ ಆಸ್ಪತ್ರೆಗೇ ಕರೆತಂದಿದ್ದರು, ಆಪರೇಷನ್ ಆಗಬೇಕಿತ್ತು. ನನ್ನ ತಲೆಗೆ ಮೊದಲು ಬಂದದ್ದು ಪಾಪ ಅಜ್ಜಿ ಎಂದಲ್ಲ. ವಾರ ಮುಗಿದಿಲ್ಲ ಎಂಬುದೇ ಮೊದಲು ಬಂತು.

ಆಪರೇಷನ್ ಆದ ಮೇಲೆ ನೋಡಲು ಹೋದೆವು. ಯಜಮಾನರು ಎಳನೀರು ಹಿಡಿದಿದ್ದರು. ನಾವು ಬೇಡವೆಂದರೂ ಕೇಳದೆ ಮಗಳು ಬಂದಿದ್ದಳು, ಮೂಗುಬೊಟ್ಟು ಮೂಗಿನಲ್ಲೇ ಇತ್ತು. ತೆಗೆದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ ಎಂದು ಅವಳಿಗೆ ಅನಿಸಿರಬೇಕು. ಕೋಣೆಯಲ್ಲಿ ಅಜ್ಜಿ ಹಾಸಿಗೆಗೆ ಅಂಟಿಕೊಂಡ ಹಾಗೆ ಮಲಗಿದ್ದರು. ಹುಡುಗ ತಲೆಯ ಹತ್ತಿರ, ಅವನ ಅಪ್ಪ ಕಿಟಕಿಯ ಹತ್ತಿರ, ತಾಯಿ ಕಾಲಬುಡದಲ್ಲಿ. ನಾವು ಒಳಗೆ ಬಂದಾಗ “ಬರ್ರಿ” ಎಂದರು, “ಕುಂದ್ರಿ” ಎನ್ನಲಿಲ್ಲ.

ಸ್ವಲ್ಪ ಹೊತ್ತು ಮೂಳೆಯ ಮಾತು, ಡಾಕ್ಟರ ಮಾತು. ಆಮೇಲೆ ಹುಡುಗನ ತಾಯಿ, ಹೊದಿಕೆಯ ಅಂಚು ಸರಿಮಾಡುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು:

“ನಾನು ಆವತ್ತ ಹೇಳಿದ್ದೆ. ಆ ರೇಡಿಯಂ ಕಲ್ಲು ಬ್ಯಾಡ ಅಂತ.”

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಕಲ್ಲಿನ ಮೇಲೆ ಹಾಕಲಿ, ಕಲ್ಲಿಗೇನು ನೋವೇ? ಆದರೆ ಅಜ್ಜಿ ಕಣ್ಣು ತೆರೆದರು. ದನಿ ಸಣ್ಣಗಾಗಿತ್ತು, ಮಾತು ಮಾತ್ರ ಗಟ್ಟಿ.

“ಕಲ್ಲಿನ ಮ್ಯಾಲ ಹಾಕಬ್ಯಾಡ. ಅದನ್ನ ನಾನು ಆರಿಸಿದ್ದು. ನಿನ್ನ ವಯಸ್ಸಿಗಿಂತ ಹೆಚ್ಚು ಕಲ್ಲು ನೋಡೀನಿ. ಜಾಗರ್ ಕಲ್ಲು ಯಾರಿಗೂ ಕೆಟ್ಟದ್ದು ಮಾಡಂಗಿಲ್ಲ.”

ಅಜ್ಜಿಯ ಕಣ್ಣು ನಿಧಾನವಾಗಿ ಬಂದು ನನ್ನ ಮಗಳ ಮೇಲೆ ನಿಂತಿತು. ಅದರಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಕನಿಕರ. ಹುಡುಗನ ಅಪ್ಪ ಕಿಟಕಿಯಾಚೆ ನೋಡಿದರು. ತಾಯಿ ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನ ಮಗಳನ್ನು ನೋಡಿದರು. ಅವರ ಮುಖದಲ್ಲಿ ಲೆಕ್ಕ ಬದಲಾಗುತ್ತಿರುವುದು ನನಗೆ ಕಾಣುತ್ತಿತ್ತು. ಹುಡುಗ ಗ್ಲೂಕೋಸ್ ಬಾಟಲಿಯ ನಳಿಕೆಯನ್ನು ಸುಮ್ಮಸುಮ್ಮನೆ ಸರಿಮಾಡುತ್ತ ನಿಂತ.

ನನ್ನ ನಾಲಿಗೆಯ ತುದಿಯಲ್ಲಿ ಸತ್ಯವಿತ್ತು. ಜಾರಿದ್ದು ಬಚ್ಚಲ ಹಾಸುಗಲ್ಲು, ಅಲ್ಲಿದ್ದದ್ದು ಸೋಪಿನ ನೀರು, ಬಿದ್ದವರದು ಸವೆದ ಮೂಳೆ. ಮೂಗಿನ ಮೇಲಿನ ಇಂಗಾಲ ಹೊಸಪೇಟೆಯಲ್ಲಿ ಕೂತು ಸಂಡೂರಿನ ಬಚ್ಚಲಲ್ಲಿ ಯಾರನ್ನೂ ಬೀಳಿಸುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಏನಾಗುತ್ತದೆ? ಕಲ್ಲು ನಿರ್ದೋಷಿ ಎಂದು ಅಜ್ಜಿ ಹೇಳಿದ್ದಕ್ಕೆ ವಿಜ್ಞಾನದ ಟೀಚರು ಸಹಿ ಹಾಕಿದಂತಾಗುತ್ತದೆ. ಆಮೇಲೆ ಉಳಿಯುವುದು ಮಗಳೊಬ್ಬಳೇ. ಕಂಪ್ಲಿಯ ಗೆಳತಿಯ ಮನೆಯ ಮುಚ್ಚಿದ ಬಾಗಿಲು ಕಣ್ಣಿಗೆ ಕಟ್ಟಿತು. ಮಗಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅಮ್ಮ ಈಗ ಇವರಿಗೆ ಸರಿಯಾಗಿ ಪಾಠ ಮಾಡುತ್ತಾಳೆ ಎಂಬ ನಂಬಿಕೆ ಆ ಕಣ್ಣಲ್ಲಿತ್ತು.

“ತಪ್ಪು ತಿಳೀಬ್ಯಾಡ್ರಿ ಅಮ್ಮಾರ,” ಎಂದೆ. “ಆ ಕಲ್ಲು ಸರಿ ಇಲ್ಲ.”

ಅಜ್ಜಿಯ ಹುಬ್ಬು ಗಂಟಾಯಿತು. “ಆವತ್ತ ನೀವ ಚಲೋ ಐತಿ ಅಂದ್ರಿ.”

“ಆವತ್ತ ಸಂಜಿ ಆಗಿತ್ತು. ಬಿಸಿಲಿನ್ಯಾಗ ಮಬ್ಬು ಆಗತಾವ ಕೆಲವು ಅಂತ ಅಂದಿದ್ದೆನಲ್ರಿ. ಮೊನ್ನಿ ಹಂಪ್ಯಾಗ ನಡು ಮಧ್ಯಾಹ್ನ ನೋಡಿದೆ. ಹಾಲಿನ್ಯಾಗ ಅದ್ದಿದಂಗ ಆಗಿತ್ತು. ನಿಮಗ ಹೆಂಗ ಹೇಳಾದು ಅಂತ ಸುಮ್ನಿದ್ದೆ.”

ಒಂದು ಸುಳ್ಳು ಆಡಿದ ಮೇಲೆ ಉಳಿದವು ತಾವಾಗಿಯೇ ಬಂದವು. ನೇರಳಾತೀತ ಕಿರಣ ಎಂದೆ. ಹರಳಿನ ರಚನೆ ಎಂದೆ. ನಿಜವಾದ ಜಾಗರ್ ಕಲ್ಲು ಬಿಸಿಲಿಗೆ ಹಿಡಿದರೆ ನೀರಿನ ಹಾಗೆ ಇರುತ್ತದೆ, ಇದು ಟಾರ್ಚಿನ ಬೆಳಕಿನಲ್ಲಿ ಮಾತ್ರ ಜಾಗರಿನ ಹಾಗೆ ಕಾಣುವ ಬೇರೆ ಕಲ್ಲು ಎಂದೆ. ನಿಮ್ಮ ಕಣ್ಣು ತಪ್ಪಲ್ಲ, ಎಂಥವರಿಗೂ ಮೋಸ ಆಗುತ್ತದೆ, ಅಂಗಡಿಯವರಿಗೂ ಗೊತ್ತಾಗಿಲ್ಲ ಎಂದೆ. ವರ್ಷಗಟ್ಟಲೆ ಕರಿಹಲಗೆಯ ಮುಂದೆ ನಿಂತು ಗಳಿಸಿದ ದನಿ ನನ್ನದು, ನಾನು ಹೇಳಿದರೆ ಜನ ನಂಬುತ್ತಾರೆ. ಆವತ್ತಿನಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿಲ್ಲ.

ಅಜ್ಜಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖದ ಬಿಗಿ ಸಡಿಲಾಯಿತು. ತಾವು ಆರಿಸಿದ ಜಾಗರ್ ಕೆಟ್ಟದ್ದು ಮಾಡಿರಲಿಲ್ಲ, ಅದು ಜಾಗರೇ ಅಲ್ಲ. ಈ ದಾರಿ ಅವರಿಗೂ ಬೇಕಾಗಿತ್ತು.

“ಹಂಗಾದ್ರ ಕಲ್ಲಿಂದ ಐತಿ ಬಿಡು,” ಎಂದರು. “ಟೀಚರಮ್ಮ ಓದಿದಾಕಿ, ಆಕಿಗೆ ಗೊತ್ತಿರತೈತಿ. ವಾಪಸ್ ಕೊಟ್ಟು ಬ್ಯಾರೇದು ತರ್ರಿ.”

ಕೋಣೆಯೆಲ್ಲ ಉಸಿರು ಬಿಟ್ಟಿತು. ಹುಡುಗನ ತಾಯಿ ಸ್ಟೂಲು ಎಳೆದು “ಕುಂದ್ರಿ ಟೀಚರ್ರ, ನಿಂತ ಅದೀರಲ್ಲ” ಎಂದರು. ಮಗಳು ಗೋಡೆಯ ಕಡೆ ತಿರುಗಿ, ಮೂಗುಬೊಟ್ಟಿನ ತಿರುಪು ಬಿಚ್ಚಿ, ಅದನ್ನು ನನ್ನ ಅಂಗೈಯಲ್ಲಿಟ್ಟಳು. ಅವಳ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ನನ್ನ ಮುಖ ನೋಡಲಿಲ್ಲ.

ವಾಪಸ್ಸು ಕೊಡಲು ನಾನೂ ಹುಡುಗನ ತಾಯಿಯೂ ಹೋದೆವು. ಅಂಗಡಿಯವರು “ಯಾರಿಗೆ ಏನಾತ್ರಿ?” ಎಂದಷ್ಟೇ ಕೇಳಿದರು. ಮೂಳೆ ಮುರಿಯಿತೆಂದಾಗ “ಜೀವಕ್ಕೇನೂ ಆಗಿಲ್ಲಲ್ಲ, ಸದ್ಯ” ಎಂದು ಕಲ್ಲನ್ನು ಬಿಡಿಸಿ ಪುಡಿಕೆಯಲ್ಲಿ ಕಟ್ಟಿದರು. “ಎರಡನೇ ಸಲ ಬಂತಿದು. ಇನ್ನ ಈ ಊರಾಗ ನಡ್ಯಂಗಿಲ್ಲ, ಬ್ಯಾರೆ ಕಡೆ ಕಳಿಸಬೇಕು,” ಎಂದರು. ಮೊದಲ ಸಲ ಯಾರ ಮನೆಯಲ್ಲಿ ಏನಾಗಿತ್ತೋ, ಯಾವ ಹುಡುಗಿ ಇದರ ಮರೆಯಲ್ಲಿ ಉಳಿದಳೋ ಕೇಳಲಿಲ್ಲ. ಫ್ಲೋರೆಸೆನ್ಸ್ ಇಲ್ಲದ ಕಲ್ಲನ್ನೇ ತೆಗೆದುಕೊಂಡೆವು. ಹಗಲಿನ ಬೆಳಕಿನಲ್ಲಿ ನೋಡಿದರೆ ಅದರಲ್ಲಿ ಸ್ವಲ್ಪ ಹಳದಿ ಇತ್ತು. ಹುಡುಗನ ತಾಯಿ “ಈಗ ನೋಡ್ರಿ, ಎಷ್ಟು ಶುದ್ಧ” ಎಂದರು. ನಾನು ಹೌದೆಂದೆ.

ಮತ್ತೆ ಒಂದು ವಾರ. ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಎದ್ದೊಡನೆ ಸಂಡೂರಿಗೆ ಫೋನು ಮಾಡುವುದು, ಅಜ್ಜಿಯ ಕ್ಷೇಮ ವಿಚಾರಿಸುವ ನೆಪದಲ್ಲಿ ಮನೆಯ ಪ್ರತಿಯೊಬ್ಬರ ಸುದ್ದಿ ತೆಗೆಯುವುದು. ಹುಡುಗನ ಅಪ್ಪನಿಗೆ ಕೆಮ್ಮು ಎಂದು ಗೊತ್ತಾದಾಗ ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಎರಡು ಸಲ ಕೇಳಿದೆ. ಅವರ ಲಾರಿಗಳು ಮರಿಯಮ್ಮನಹಳ್ಳಿ ದಾಟಿ ಹೆದ್ದಾರಿಯಲ್ಲಿ ಹೋಗುತ್ತವೆ ಎಂದು ನೆನಪಾಗಿ ಆ ರಸ್ತೆಯ ಲಾರಿಗಳಿಗೆಲ್ಲ ಒಳ್ಳೆಯದಾಗಲಿ ಎಂದು ಬೇಡಿಕೊಂಡೆ. ನಾನು ಯಾರನ್ನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ. ಯಜಮಾನರು ಪೇಪರಿನ ಮೇಲಿಂದ ನೋಡಿ “ಏನಾಗೇತಿ ನಿನಗ?” ಎಂದರು. ಏನೂ ಇಲ್ಲ ಎಂದೆ. ವಾರ ಕಳೆಯಿತು. ಕಲ್ಲು ಆಗಿಬಂತು.

ನಿಶ್ಚಿತಾರ್ಥ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮಗಳ ಜೊತೆ ನಾನೂ ಕಂಪನಿ ಬಸ್ಸು ನಿಲ್ಲುವಲ್ಲಿಗೆ ನಡೆದೆ. ತರಕಾರಿ ತರುವ ನೆಪ. ಆಸ್ಪತ್ರೆಯ ದಿನದಿಂದ ಅವಳು ನನ್ನೊಂದಿಗೆ ಊಟ, ಬಟ್ಟೆ, ಶಿಫ್ಟು ಬಿಟ್ಟು ಬೇರೆ ಮಾತಾಡಿರಲಿಲ್ಲ.

“ಆ ಕಲ್ಲು ಮಬ್ಬು ಇರಲಿಲ್ಲ ಅಮ್ಮ,” ಎಂದಳು, ರಸ್ತೆ ನೋಡುತ್ತ.

“ಇರಲಿಲ್ಲ.”

“ನೀನು ಅವರಿಗೆ ಬೈತಿ ಅನ್ಕಂಡಿದ್ದೆ.”

“ಬೈದಿದ್ರ ನಿನ್ನ ಮ್ಯಾಲೆ ಬರತಿತ್ತು.”

“ಗೊತ್ತೈತಿ.” ಹೆಗಲಿನ ಬ್ಯಾಗು ಸರಿಮಾಡಿಕೊಂಡಳು. “ಈ ಸಲ ಕಲ್ಲು ಇತ್ತು, ವಾಪಸ್ ಕೊಟ್ವಿ. ಮದುವಿ ಆದ ಮ್ಯಾಲೆ ಆ ಮನ್ಯಾಗ ಯಾರರ ಬಿದ್ರ, ಆವಾಗ ಏನ್ ವಾಪಸ್ ಕೊಡ್ತಿ?”

“ಅವನು ಏನಂತಾನ?” ಎಂದು ಕೇಳಿದೆ.

“ಅವನು ಒಳ್ಳೆಯವನ ಅದಾನ. ಏನೂ ಅನ್ನಂಗಿಲ್ಲ.” ಆಮೇಲೆ ಸೇರಿಸಿದಳು, “ಆವತ್ತೂ ಏನೂ ಅನ್ನಲಿಲ್ಲಲ್ಲ.”

ಹಾಗಾದರೆ ಬಿಟ್ಟುಬಿಡು, ಈ ಮದುವೆ ಬೇಡ ಎಂದು ನಾನು ಅನ್ನಲಿ ಎಂದು ಅವಳು ಕಾದಳೋ ಏನೋ. ಅವಳೇ ಆ ಮಾತು ಆಡಲಿ, ಆಡಿದರೆ ಅವಳ ಬೆನ್ನಿಗೆ ನಿಲ್ಲುತ್ತೇನೆ ಎಂದು ನಾನು ಕಾದೆ. ಅವಳಿಗೆ ಅವನೆಂದರೆ ಇಷ್ಟ, ಅದು ನನಗೆ ಗೊತ್ತು. ನನಗೆ ಮಗಳ ಇಷ್ಟ ಮುರಿಯುವ ಧೈರ್ಯವಿಲ್ಲ, ಅದು ಅವಳಿಗೆ ಗೊತ್ತು. ಇಬ್ಬರೂ ರಸ್ತೆಯನ್ನೇ ನೋಡುತ್ತ ನಿಂತೆವು. ಬಸ್ಸು ಬಂತು. “ಹೋಗಿಬರ್ತೀನಿ” ಎಂದು ಹತ್ತಿದಳು. ನಾನು ಮಾರ್ಕೆಟ್ಟಿಗೆ ಹೋಗಿ ಬೇಡದ ಸೊಪ್ಪೆಲ್ಲ ತಂದೆ.

ಮದುವೆ ಚೆನ್ನಾಗಿ ಆಯಿತು. ಸಂಡೂರಿನವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಮಗಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಹಬ್ಬಕ್ಕೆ ಸೀರೆ ಕೊಡಿಸುತ್ತಾರೆ, ಕೆಲಸಕ್ಕೆ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಸಂಡೂರಿನಿಂದ ತೋರಣಗಲ್ಲಿಗೆ ಗಂಡ ಹೆಂಡತಿ ಕಾರಿನಲ್ಲಿ ಹೋಗಿಬರುತ್ತಿದ್ದರು. ಅಜ್ಜಿ ವಾಕರ್ ಹಿಡಿದು ಓಡಾಡುವಷ್ಟಾದರು. ಕೆಟ್ಟವರಾಗಿದ್ದರೆ ಜಗಳವಾಡಿ ಕರೆದುಕೊಂಡು ಬರಬಹುದಿತ್ತು. ಒಳ್ಳೆಯವರ ಮನೆಯಿಂದ ಏನೆಂದು ಕರೆತರುವುದು?

ನಾನು ಈಗ ದಿನಾ ಸಂಜೆ ಫೋನು ಮಾಡುತ್ತೇನೆ. ಉಳಿದ ತಾಯಂದಿರು ಊಟ ಆಯಿತೇ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಮನೆಯಲ್ಲಿ ಎಲ್ಲರೂ ಆರಾಮವೇ ಎಂದು. ಆ ಕಡೆಯಿಂದ “ಆರಾಮ” ಎಂಬ ಮಾತು ಬರುವ ತನಕ ಉಸಿರು ಬಿಗಿಹಿಡಿದಿರುತ್ತೇನೆ. ಬೀಗರ ಬಗ್ಗೆ ಟೀಚರಮ್ಮನಿಗೆ ಎಷ್ಟು ಕಾಳಜಿ ಎಂದು ಅವರ ಮನೆಯಲ್ಲಿ ನನ್ನ ಹೆಸರು ಹಾಡಿ ಹೊಗಳುತ್ತಾರಂತೆ.

ಮೊನ್ನೆ ಕೇಳಿದೆ, “ಅಜ್ಜಿ ಬಚ್ಚಲಿಗೆ ಹೋಗುವಾಗ ಜೊತಿಗೆ ಯಾರರ ಇರ್ತಾರಿಲ್ಲೋ?”

“ನಾನ ಇರ್ತೀನಮ್ಮ.”

“ನೀನು ಡ್ಯೂಟಿಗೆ ಹೋದಾಗ?”

ಆ ಕಡೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು.

“ಕೆಲಸ ಬಿಟ್ಟೆ. ನಿನಗ ಹೇಳಿರಲಿಲ್ಲ,” ಎಂದಳು. “ಯಾರೂ ಬಿಡು ಅನ್ನಲಿಲ್ಲ. ಲ್ಯಾಬಿನ್ಯಾಗ ಕುಂತ್ರೂ ಮನಸ್ಸೆಲ್ಲಾ ಇಲ್ಲೇ ಇರತಿತ್ತು. ಅಜ್ಜಿ ಎದ್ದರೇನೋ, ನೆಲ ಹಸಿ ಐತೇನೋ ಅಂತ. ಸ್ಯಾಂಪಲ್ ಎರಡು ಸಲ ತಪ್ಪು ಮಾಡಿದೆ. ಇದ ಆರಾಮ ಐತಮ್ಮ.”

ನಾನು ಕೂಗಾಡಬೇಕಿತ್ತು. ಅವಳನ್ನು ಓದಿಸಿದ್ದು, ಆ ನೌಕರಿ ಸಿಕ್ಕಿದ ದಿನ ಓಣಿಗೆಲ್ಲ ಪೇಡೆ ಹಂಚಿದ್ದು, ಒಂದೂ ನೆನಪಾಗಲಿಲ್ಲ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

“ಚಲೋ ಮಾಡಿದಿ.”